ರಾಜಿಯಾದರೆ ಸಾಲದು, ಜಾರಿಯೂ ಆಗಬೇಕು: ಮಧ್ಯಸ್ಥಿಕೆ ಒಪ್ಪಂದ, ಏರುವ ವೆಚ್ಚ ಮತ್ತು ವಕೀಲರ ಹೊಣೆ

ಬೆಂಗಳೂರು: ನ್ಯಾಯಾಲಯದ ಮೆಟ್ಟಿಲೇರಿದರೆ ಗೆದ್ದವನು ಸೋತ, ಸೋತವನು ಸತ್ತ ಎಂಬುದು ಹಳೆಯ ಮಾತು. ಅದಕ್ಕೆ ಅಂಜಿ ರಾಜಿಗೆ ಒಪ್ಪಿದವರೂ ಮತ್ತೆ ನ್ಯಾಯಾಲಯಕ್ಕೆ ಅಲೆಯುವ ಪ್ರಸಂಗಗಳುಂಟು. ರಾಜಿ ಪತ್ರಕ್ಕೆ ಸಹಿ ಬಿದ್ದ ನಂತರ ಎದುರು ಪಕ್ಷದವರು ಮಾತಿಗೆ ತಪ್ಪಿದರೆ ಏನು ಮಾಡಬೇಕು? ಆ ಎರಡನೆಯ ಸುತ್ತಿನ ಖರ್ಚನ್ನು ಭರಿಸುವವರು ಯಾರು? ಖರ್ಚಿನ ಅಂದಾಜನ್ನು ವಕೀಲರು ಮೊದಲೇ ತಿಳಿಸಬೇಕಾಗಿತ್ತಲ್ಲವೇ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಪ್ರಶ್ನೆಗಳಿಗೆ ಹೆಚ್ಚಿನ ಮಹತ್ವವಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆ ತಾಲ್ಲೂಕುಗಳಲ್ಲಿ ಕೈಗಾರಿಕೆ, ಹೆದ್ದಾರಿ ಮತ್ತು ಬಡಾವಣೆಗಳು ಬೆಳೆದವು. ಜಮೀನಿನ ಬೆಲೆ ಏರಿದಾಗ ಅಣ್ಣ-ತಮ್ಮಂದಿರ, ಅಕ್ಕ-ತಂಗಿಯರ ನಡುವಿನ ವಿಭಾಗ ದಾವೆಯಲ್ಲಿ ಒಂದು ಗುಂಟೆಯೂ ದೊಡ್ಡ ಮಾತಾಗುತ್ತದೆ. ಇಂತಹ ದಾವೆಗಳಿಗೆ ರಾಜಿಯೇ ಉತ್ತಮ ಪರಿಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಲ್ಲ ರಾಜಿಗೂ ಒಂದೇ ಬಲವಿರುವುದಿಲ್ಲ.

ಯಾವ ರಾಜಿಗೆ ಎಷ್ಟು ಬಲ?

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಂದು ಜಾರಿಗೆ ಬಂದಿತು. ಇತ್ಯರ್ಥದ ಸಾಧ್ಯತೆ ಇರುವ ದಾವೆಗಳನ್ನು ಮಧ್ಯಸ್ಥಿಕೆ, ಲೋಕ ಅದಾಲತ್ ಮೊದಲಾದ ಮಾರ್ಗಗಳಿಗೆ ಕಳುಹಿಸಲು ಅದು ನ್ಯಾಯಾಲಯಕ್ಕೆ ಅವಕಾಶ ನೀಡುತ್ತದೆ. ರಾಜ್ಯದಲ್ಲಿ ಇದಕ್ಕಾಗಿ 2005ರ ಮಧ್ಯಸ್ಥಿಕೆ ನಿಯಮಗಳು ರೂಪುಗೊಂಡವು. ಹೈಕೋರ್ಟ್ ಆಶ್ರಯದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವು 2007ರ ಜನವರಿ 1ರಂದು ಆರಂಭವಾಯಿತು.

ದಾವೆ ನಡೆಯುತ್ತಿರುವಾಗ ಮಧ್ಯಸ್ಥಿಕೆಯಲ್ಲಿ ಆದ ಒಪ್ಪಂದವು ತಾನಾಗಿಯೇ ಡಿಕ್ರಿಯಾಗುವುದಿಲ್ಲ. ಅದನ್ನು ದಾವೆ ಕಳುಹಿಸಿದ ನ್ಯಾಯಾಲಯದ ಮುಂದಿಡಬೇಕು. ಒಪ್ಪಂದವು ಲಿಖಿತವಾಗಿದೆ, ಪಕ್ಷಗಾರರ ಸಹಿ ಹೊಂದಿದೆ ಮತ್ತು ಕಾನೂನುಬದ್ಧವಾಗಿದೆ ಎಂದು ಮನವರಿಕೆಯಾದ ನಂತರ ನ್ಯಾಯಾಲಯವು ಸಂಹಿತೆಯ 23ನೇ ಆದೇಶದ 3ನೇ ನಿಯಮದಂತೆ ರಾಜಿ ಡಿಕ್ರಿ ನೀಡುತ್ತದೆ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು ಸುಪ್ರೀಂ ಕೋರ್ಟಿನಲ್ಲಿ ಬರೆದ 2010ರ ಆಫ್ಕಾನ್ಸ್ ತೀರ್ಪು ಈ ಕ್ರಮವನ್ನು ಸ್ಪಷ್ಟಪಡಿಸಿದೆ.

ಲೋಕ ಅದಾಲತ್‌ನ ತೀರ್ಮಾನಕ್ಕೆ ಈ ಹೆಜ್ಜೆಯೂ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಮಿನಂತೆ ಅದೇ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿ ಇಲ್ಲ. ಚೆಕ್ ಅಮಾನ್ಯ ಪ್ರಕರಣವು ಲೋಕ ಅದಾಲತ್‌ನಲ್ಲಿ ಇತ್ಯರ್ಥವಾದರೂ ಆ ತೀರ್ಮಾನವನ್ನು ಸಿವಿಲ್ ನ್ಯಾಯಾಲಯದ ಮೂಲಕ ಜಾರಿ ಮಾಡಿಸಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

ದಾವೆಯನ್ನೇ ಹೂಡದೆ ಊರ ಹಿರಿಯರ ಮುಂದೆ ಬರೆದುಕೊಂಡ ರಾಜಿ ಪತ್ರದ ಸ್ಥಿತಿ ಬೇರೆ. ಅದು ಕೇವಲ ಒಪ್ಪಂದ. ತಪ್ಪಿದವರ ವಿರುದ್ಧ ಹೊಸ ದಾವೆಯನ್ನೇ ಹೂಡಬೇಕಾಗುತ್ತದೆ. ಈ ಕೊರತೆ ನೀಗಿಸಲು 2023ರ ಮಧ್ಯಸ್ಥಿಕೆ ಕಾಯ್ದೆಯು, ಕಾಯ್ದೆಯಂತೆ ನಡೆದ ಮಧ್ಯಸ್ಥಿಕೆಯ ಲಿಖಿತ ಒಪ್ಪಂದವನ್ನು ಡಿಕ್ರಿಯಂತೆಯೇ ಜಾರಿ ಮಾಡಲು 27ನೇ ಕಲಮಿನಲ್ಲಿ ಅವಕಾಶ ಕಲ್ಪಿಸಿದೆ. ವಂಚನೆ, ಭ್ರಷ್ಟಾಚಾರ, ಸೋಗು ಹಾಕುವಿಕೆ ಅಥವಾ ಮಧ್ಯಸ್ಥಿಕೆಗೆ ಒಳಪಡದ ವಿಷಯ ಎಂಬ ನಾಲ್ಕೇ ಕಾರಣಗಳಿಗೆ ಅದನ್ನು ಪ್ರಶ್ನಿಸಬಹುದು. ಆದರೆ 2023ರ ಅಕ್ಟೋಬರ್ 9ರಂದು ಮೊದಲ ಹಂತದಲ್ಲಿ ಜಾರಿಗೆ ಬಂದ ಕಲಮುಗಳ ಪಟ್ಟಿಯಲ್ಲಿ 27ನೆಯದು ಇರಲಿಲ್ಲ. ಆದ್ದರಿಂದ ಅದನ್ನು ನೆಚ್ಚಿ ಸಹಿ ಮಾಡುವವರು ಅಧಿಸೂಚನೆಯನ್ನು ಪರಿಶೀಲಿಸಿಕೊಳ್ಳುವುದು ಕ್ಷೇಮ.

ಅಮಲ್ಜಾರಿ ಎಂಬ ಎರಡನೆಯ ವ್ಯಾಜ್ಯ

ಡಿಕ್ರಿ ಕೈಗೆ ಬಂದರೂ ಎದುರು ಪಕ್ಷದವರು ಹಣ ಕೊಡದಿದ್ದರೆ ಅಥವಾ ಜಮೀನು ಬಿಟ್ಟುಕೊಡದಿದ್ದರೆ ಅಮಲ್ಜಾರಿ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸಾಮಾನ್ಯವಾಗಿ 12 ವರ್ಷಗಳ ಕಾಲಮಿತಿ ಇದೆ. ಗೋಡೆ ತೆರವು, ದಾರಿ ತೆರವಿನಂತಹ ಕಡ್ಡಾಯ ನಿರ್ಬಂಧಕಾಜ್ಞೆಯ ಡಿಕ್ರಿಗೆ ಮಾತ್ರ 3 ವರ್ಷ. ಆಸ್ತಿ ಜಪ್ತಿ, ಹರಾಜು, ಸ್ವಾಧೀನ ಕೊಡಿಸುವಿಕೆ, ಕೆಲವು ಸಂದರ್ಭಗಳಲ್ಲಿ ಸಿವಿಲ್ ಬಂಧನ, ಇವು ನ್ಯಾಯಾಲಯದ ಕೈಯಲ್ಲಿರುವ ಅಸ್ತ್ರಗಳು.

ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಹಂತವೇ ಹೆಚ್ಚು ಎಳೆಯುತ್ತದೆ. ಬೆಂಗಳೂರಿನ ಮೈಸೂರು ರಸ್ತೆಯ ಜಮೀನೊಂದರ ವ್ಯಾಜ್ಯ ಇದಕ್ಕೆ ನಿದರ್ಶನ. 1980ರ ದಶಕದಲ್ಲಿ ಖರೀದಿಸಿದ ಆ ಜಮೀನಿಗೆ ಸಂಬಂಧಿಸಿ 2006ರಲ್ಲಿ ಡಿಕ್ರಿಯಾಯಿತು. ಅದು ರಾಜಿ ಡಿಕ್ರಿಯಲ್ಲ. ಆದರೆ ಜಾರಿಯ ಹಾದಿ ಎರಡಕ್ಕೂ ಒಂದೇ. ಡಿಕ್ರಿದಾರರ ಅಲೆದಾಟವು 2021ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟಿನವರೆಗೂ ತಲುಪಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೊಬ್ಡೆ ನೇತೃತ್ವದ ಪೀಠವು ಅಮಲ್ಜಾರಿ ಅರ್ಜಿಗಳನ್ನು ಸಲ್ಲಿಸಿದ ದಿನದಿಂದ ಆರು ತಿಂಗಳೊಳಗೆ ಇತ್ಯರ್ಥಪಡಿಸಬೇಕು, ವಿಳಂಬವಾದರೆ ಕಾರಣವನ್ನು ಬರೆದಿಡಬೇಕು ಎಂದು ದೇಶದ ಎಲ್ಲ ನ್ಯಾಯಾಲಯಗಳಿಗೆ ನಿರ್ದೇಶಿಸಿತು.

ನಿರ್ದೇಶನದ ನಂತರವೂ ಪರಿಸ್ಥಿತಿ ಆಶಾದಾಯಕವಾಗಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹೈಕೋರ್ಟ್‌ಗಳಿಂದ ಲೆಕ್ಕ ತರಿಸಿಕೊಂಡಾಗ ದೇಶದಲ್ಲಿ 8.82 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇರುವುದು ತಿಳಿದುಬಂದಿತು.

ರಾಜಿ ಪತ್ರದಲ್ಲಿ ಎಡವುವುದೆಲ್ಲಿ?

ಒಂದು ಉದಾಹರಣೆ ನೋಡಬಹುದು. ಎರಡು ಎಕರೆ ಜಮೀನನ್ನು ‘ಸಮನಾಗಿ ಹಂಚಿಕೊಳ್ಳಲು ಒಪ್ಪಿದ್ದೇವೆ’ ಎಂದಷ್ಟೇ ಬರೆದರೆ ಪಾಲು ನಿರ್ಧಾರವಾದಂತಾಯಿತೇ ಹೊರತು ಯಾರ ಭಾಗ ಎಲ್ಲಿ ಎಂಬುದು ಗೊತ್ತಾಗುವುದಿಲ್ಲ. ಕಂದಾಯ ಜಮೀನಾದರೆ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿ ಅಥವಾ ಅವರ ಅಧೀನ ಅಧಿಕಾರಿಯ ಮೂಲಕ ಅಳತೆಯಾಗಿ ಹಂಚಿಕೆಯಾಗಬೇಕು. ಸರ್ವೆ ನಂಬರು, ಚಕ್ಕುಬಂದಿ, ದಾರಿ, ಕೊಳವೆಬಾವಿಯ ಹಕ್ಕು, ಪೋಡಿ ಮತ್ತು ಖಾತೆ ಬದಲಾವಣೆಗೆ ಸಹಿ ಮಾಡುವ ದಿನಾಂಕ ಇವೆಲ್ಲ ನಕ್ಷೆ ಸಮೇತ ಒಪ್ಪಂದದಲ್ಲೇ ಇದ್ದರೆ ತಕರಾರಿಗೆ ಎಡೆ ಕಡಿಮೆ.

ಎಲ್ಲ ಹಕ್ಕುದಾರರ ಸಹಿಯೂ ಅಗತ್ಯ. ಕರ್ನಾಟಕದ 1994ರ ತಿದ್ದುಪಡಿ ಹಾಗೂ 2005ರ ಕೇಂದ್ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳನ್ನು ಹೊರಗಿಟ್ಟು ಮಾಡಿಕೊಂಡ ರಾಜಿ ಮುಂದೆ ಮತ್ತೊಂದು ದಾವೆಗೆ ದಾರಿ. ಅಪ್ರಾಪ್ತ ವಯಸ್ಕರಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಬೇಕು. ದಾವೆಯಲ್ಲಿ ಸೇರದ ಬೇರೆ ಸ್ಥಿರಾಸ್ತಿಯನ್ನು ರಾಜಿಗೆ ಸೇರಿಸಿದರೆ ನೋಂದಣಿಯ ಪ್ರಶ್ನೆ ಏಳುತ್ತದೆ. 1978ರ ಪಿಟಿಸಿಎಲ್ ಕಾಯ್ದೆಗೆ ಒಳಪಡುವ ಮಂಜೂರಾತಿ ಜಮೀನಿನ ಪರಭಾರೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯ. ರಾಜಿಯ ಹೆಸರಿನಲ್ಲಿ ಅದನ್ನು ತಪ್ಪಿಸಿಕೊಳ್ಳಲಾಗದು.

ಮಧ್ಯಸ್ಥಿಕೆಯ ಕೊಠಡಿಯಲ್ಲಿ ಆಡಿದ ಮಾತು ಗೋಪ್ಯ. ಮಾತುಕತೆ ವಿಫಲವಾದರೆ ಅಷ್ಟನ್ನೇ ನ್ಯಾಯಾಲಯಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಆದ್ದರಿಂದ ‘ಅಲ್ಲಿ ಬಾಯಿಮಾತಿನಲ್ಲಿ ಒಪ್ಪಿದ್ದರು’ ಎಂಬ ವಾದ ಮುಂದೆ ನಿಲ್ಲದು. ಇನ್ನು ಅವಸರದಲ್ಲಿ ಸಹಿ ಮಾಡಿ ಪಶ್ಚಾತ್ತಾಪ ಪಟ್ಟರೆ, ಒಪ್ಪಿಗೆಯ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ. ಪ್ರತ್ಯೇಕ ದಾವೆಯೂ ಇಲ್ಲ. ರಾಜಿಯನ್ನು ದಾಖಲಿಸಿಕೊಂಡ ನ್ಯಾಯಾಲಯಕ್ಕೇ ಹೋಗಿ ಅದು ಕಾನೂನುಬದ್ಧವಲ್ಲ ಎಂದು ತೋರಿಸಬೇಕು.

ಶುಲ್ಕ: ವಕೀಲರು ಏನು ಮಾಡಬೇಕು, ಏನು ಮಾಡಬಾರದು?

ಅಮಲ್ಜಾರಿ, ಮಧ್ಯಂತರ ಅರ್ಜಿ, ರಿಟ್ ಎಂದು ವ್ಯಾಜ್ಯ ಕವಲೊಡೆದಂತೆ ಖರ್ಚು ಬೆಳೆಯುತ್ತದೆ. ಇಂಗ್ಲೆಂಡಿನಲ್ಲಿ ಸಾಲಿಸಿಟರ್‌ಗಳು ಆರಂಭದಲ್ಲಿ ಮಾತ್ರವಲ್ಲದೆ ಪ್ರಕರಣ ಮುಂದುವರಿದಂತೆಲ್ಲ ವೆಚ್ಚದ ಮಾಹಿತಿಯನ್ನು ಕಕ್ಷಿದಾರರಿಗೆ ನೀಡಬೇಕೆಂಬ ನಿಯಮವಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ ಅಷ್ಟು ನೇರವಾದ ಮಾತಿಲ್ಲ. ಆದರೂ ಕಕ್ಷಿದಾರರಿಗೆ ಹಲವು ರಕ್ಷಣೆಗಳಿವೆ.

ಶುಲ್ಕವು ವಕೀಲರ ಅನುಭವಕ್ಕೂ ಪ್ರಕರಣದ ಸ್ವರೂಪಕ್ಕೂ ತಕ್ಕಂತಿರಬೇಕು. ಪಡೆದ ಹಣಕ್ಕೆ ಲೆಕ್ಕ ಇಡಬೇಕು; ಅದು ಶುಲ್ಕಕ್ಕೋ ಖರ್ಚಿಗೋ ಎಂದು ನಮೂದಿಸಬೇಕು; ಕೇಳಿದಾಗ ಲೆಕ್ಕದ ಪ್ರತಿ ಕೊಡಬೇಕು. ವ್ಯಾಜ್ಯಕ್ಕೆ ಪ್ರಚೋದನೆ ನೀಡಬಾರದು. ಸಕಾರಣವಿಲ್ಲದೆ, ಸೂಚನೆ ನೀಡದೆ ವಕಾಲತ್ತಿನಿಂದ ಹಿಂದೆ ಸರಿಯಬಾರದು. ಸರಿದರೆ ದುಡಿಯದ ಶುಲ್ಕವನ್ನು ಮರಳಿಸಬೇಕು.

ಗೆದ್ದರೆ ಇಷ್ಟು ಪಾಲು ಎಂಬ ಕರಾರು ನಿಷಿದ್ಧ. ದಾವೆಯ ಮೊತ್ತದ ಶೇಕಡಾವಾರು ಶುಲ್ಕ ಕೇಳುವುದು ವೃತ್ತಿ ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್ 5ರ ತೀರ್ಪಿನಲ್ಲಿ ಹೇಳಿದೆ. ಶುಲ್ಕ ಬಾಕಿಯ ನೆಪದಲ್ಲಿ ಕಕ್ಷಿದಾರರ ಕಡತ ತಡೆಹಿಡಿಯುವಂತಿಲ್ಲ ಎಂಬುದು 2000ದ ತೀರ್ಪು. ಕಕ್ಷಿದಾರರ ಸ್ಪಷ್ಟ ಒಪ್ಪಿಗೆ ಇಲ್ಲದೆ ವಕೀಲರು ಅವರ ಹಕ್ಕನ್ನು ಬಿಟ್ಟುಕೊಡಬಾರದೆಂದು 2015ರಲ್ಲಿ ತೀರ್ಪಾಗಿದೆ. ವಕಾಲತ್ತಿನಲ್ಲಿ ರಾಜಿಯ ಅಧಿಕಾರ ಸೇರಿದೆಯೇ ಎಂಬುದನ್ನು ಸಹಿಗೆ ಮುನ್ನವೇ ಓದಿಕೊಳ್ಳುವುದು ಲೇಸು.

ವಕೀಲರ ವಿರುದ್ಧ ಗ್ರಾಹಕರ ವೇದಿಕೆಗೆ ಹೋಗುವ ಮಾರ್ಗ 2024ರ ಮೇ 14ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮುಚ್ಚಿದೆ. ದುರ್ನಡತೆಯ ದೂರನ್ನು 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸಬೇಕು. ಎಚ್ಚರಿಕೆ, ಅಮಾನತು ಅಥವಾ ಸನ್ನದು ಪಟ್ಟಿಯಿಂದ ಹೆಸರು ತೆಗೆಯುವ ಶಿಕ್ಷೆ ವಿಧಿಸಬಹುದು. ಒಂದು ವರ್ಷದೊಳಗೆ ಇತ್ಯರ್ಥವಾಗದ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ.

ಗೆದ್ದ ನಂತರ ಖರ್ಚನ್ನು ಎದುರು ಪಕ್ಷದಿಂದ ವಸೂಲಿ ಮಾಡಬಹುದೆಂಬ ಭರವಸೆ ಬೇಡ. ಸುಳ್ಳು ತಕರಾರಿಗೆ ಸಂಹಿತೆಯ 35-ಎ ಕಲಮಿನಡಿ ಸಿಗುವ ಪರಿಹಾರದ ಗರಿಷ್ಠ ಮಿತಿ 3,000 ರೂಪಾಯಿ. ಈ ಮೊತ್ತ ತೀರಾ ಅಲ್ಪವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಎತ್ತಿ ತೋರಿಸಿದೆ.

ಸಹಿಗೆ ಮುನ್ನ

ಒಪ್ಪಂದದಲ್ಲಿ ಕಂತು ತಪ್ಪಿದರೆ ಬಡ್ಡಿ ಎಷ್ಟು, ಪೂರ್ಣ ಮೊತ್ತ ಒಮ್ಮೆಲೇ ಬಾಕಿಯಾಗುತ್ತದೆಯೇ, ಅಮಲ್ಜಾರಿಯ ಖರ್ಚು ಯಾರದು ಎಂಬುದನ್ನು ಬರೆಸಿಕೊಳ್ಳಬೇಕು. ಸಾಧ್ಯವಿದ್ದರೆ ಹಣವನ್ನು ನ್ಯಾಯಾಲಯದಲ್ಲೇ ಪಡೆಯಬೇಕು. ನ್ಯಾಯಾಲಯಕ್ಕೆ ಸ್ಪಷ್ಟ ಮುಚ್ಚಳಿಕೆ ನೀಡಿದವರು ಬೇಕೆಂದೇ ತಪ್ಪಿದರೆ ನ್ಯಾಯಾಂಗ ನಿಂದನೆಯ ಕ್ರಮಕ್ಕೂ ಅವಕಾಶವಿದೆ. ವಕೀಲರಿಂದ ಹಂತವಾರು ಶುಲ್ಕವನ್ನು ಬರಹದಲ್ಲಿ ಪಡೆದು, ಕೊಟ್ಟ ಹಣಕ್ಕೆ ರಸೀದಿ ಕೇಳಬೇಕು. ಶುಲ್ಕ ಭರಿಸಲಾಗದವರಿಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ವಕೀಲರನ್ನು ಪಡೆಯಬಹುದು. ಅಮಲ್ಜಾರಿ ಅರ್ಜಿಗೂ ಈ ನೆರವು ಕೇಳಬಹುದು.