ಹಡಗಿನ ಹೊಟ್ಟೆಯೊಳಗಿನ ಬಾವಿ

ದೂಧಗಂಗೆಯ ದಂಡೆಯ ಸದಲಗಾದಲ್ಲಿ ಜಾಕ್‌ವೆಲ್ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನದಿಯ ನೀರನ್ನು ಕಬ್ಬಿನ ಹೊಲಕ್ಕೆ ಎತ್ತುವ ಪಂಪಿಗಾಗಿ ಕಟ್ಟಿದ ಮನೆ ಅದು. ಹೂಳು, ಕಸ, ಹೊಳೆಯಲ್ಲಿ ತೇಲಿಬರುವ ಕಟ್ಟಿಗೆ ಪಂಪನ್ನು ಕೆಡಿಸದಂತೆ ಅದರ ಗೋಡೆ ಕಾಯುತ್ತದೆ. ಸಮುದ್ರದಿಂದ ದೂರವಿರುವ ಗಡಿಭಾಗದ ನಾವು ಹಳೆಯ ಹಾಯಿಹಡಗಿನ ಒಂದು ಕತ್ತಲೆ ಮೂಲೆಯನ್ನು ಅರಿಯಲು ಈ ಹೋಲಿಕೆಯೇ ಸಾಕು.

ಮರದ ಹಡಗು ಎಷ್ಟೇ ಗಟ್ಟಿಯಾಗಿದ್ದರೂ ಹಲಗೆಗಳ ಸಂದಿನಿಂದ ನೀರು ಜಿನುಗುತ್ತಲೇ ಇರುತ್ತದೆ. ಅದೆಲ್ಲ ತಳದಲ್ಲಿ ಬಂದು ನಿಲ್ಲುತ್ತದೆ. ಆದ್ದರಿಂದ ಯುರೋಪಿನ ಹಡಗು ಕಟ್ಟುವವರು ಸಾಮಾನ್ಯವಾಗಿ ದೊಡ್ಡ ಕೂವೆಮರದ ಬುಡದಲ್ಲಿ ದಪ್ಪ ಹಲಗೆಗಳ ಒಂದು ಕೋಣೆ ಮಾಡಿ, ಪಂಪಿನ ಕೊಳವೆಗಳನ್ನು ಅದರೊಳಗೆ ಇಳಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅದನ್ನೂ ‘ವೆಲ್’ ಎಂದೇ ಕರೆದರು. ನಮ್ಮ ಬಾವಿ ನೀರು ಪಡೆಯಲಿಕ್ಕೆ, ಆ ಬಾವಿ ನೀರನ್ನು ಹೊರಹಾಕಲಿಕ್ಕೆ. ಹಡಗು ಹೊಯ್ದಾಡುವಾಗ ತಳಭಾರದ ಕಲ್ಲು, ಸರಕಿನ ಪೀಪಾಯಿ ಉರುಳಿ ಕೊಳವೆ ಒಡೆಯಬಾರದು, ಚೀಲ ಹರಿದು ಚೆಲ್ಲಿದ ಕಾಳು ಪಂಪಿನ ಬಾಯಿ ಕಟ್ಟಬಾರದು. ಹಡಗಿನ ಬಡಗಿ ಅಲ್ಲಿ ಅಳತೆಗೋಲು ಇಳಿಬಿಟ್ಟು ನೀರಿನ ಮಟ್ಟ ನೋಡುತ್ತಿದ್ದ. ಪಂಪು ಕಟ್ಟಿಕೊಂಡರೆ ಒಳಗೇ ಇಳಿಯಬೇಕಾಗುತ್ತಿತ್ತು. ಕೊಳೆತ ನೀರಿನ ವಿಷಗಾಳಿಗೆ ಹಾಗೆ ಇಳಿದವರು ಸತ್ತದ್ದೂ ಉಂಟು.

ನಮ್ಮ ನಾಡಿನ ಹಡಗುಗಳಲ್ಲಿ ಈ ನೀರಿನ ಗತಿ ಏನಾಗುತ್ತಿತ್ತು? ಅಬುಲ್ ಫಜಲ್ 16ನೆಯ ಶತಮಾನದ ಕೊನೆಯಲ್ಲಿ ಬರೆದ ‘ಆಯೀನೆ ಅಕ್ಬರಿ’ಯಲ್ಲಿ ಹಡಗಿನ 12 ಬಗೆಯ ಕೆಲಸಗಾರರ ಪಟ್ಟಿಯಿದೆ. ಅದು ಹಡಗಿನ ಯಜಮಾನ ನಾಖುದಾನಿಂದ ಶುರುವಾಗುತ್ತದೆ. ತಂಡೇಲನೂ ಅದರಲ್ಲಿದ್ದಾನೆ, ಮಂಗಳೂರಿನ ಮೀನುಗಾರಿಕೆ ದೋಣಿಗಳಲ್ಲಿ ಆ ಹೆಸರು ಇಂದಿಗೂ ಬದುಕಿದೆ. ಪಟ್ಟಿಯ ಕೆಳಗಡೆ ‘ಗುಮ್ತಿ’ ಎಂಬವನು ಸಿಗುತ್ತಾನೆ. ಸೋರಿ ಒಳಬಂದ ನೀರನ್ನು ಎತ್ತಿ ಚೆಲ್ಲುವುದೇ ಅವನ ಕೆಲಸ. ಅಲ್ಲಿ ಪಂಪೆಂದರೆ ಮನುಷ್ಯನೇ.

ಪಂಪು ಬಂದ ಮೇಲೂ ಮನುಷ್ಯನಿಗೆ ಬಿಡುಗಡೆ ಸಿಗಲಿಲ್ಲ. 1796ರ ನವೆಂಬರಿನಲ್ಲಿ ‘ಸಿಡ್ನಿ ಕೋವ್’ ಎಂಬ ವ್ಯಾಪಾರಿ ಹಡಗು ಕಲ್ಕತ್ತೆಯಿಂದ ಆಸ್ಟ್ರೇಲಿಯಾದ ಸಿಡ್ನಿಗೆ ಹೊರಟಿತು. ನಾವಿಕರಲ್ಲಿ ಹೆಚ್ಚಿನವರು ಹಿಂದೂಸ್ತಾನದ ಲಸ್ಕರರು. ದಕ್ಷಿಣದ ಚಳಿಗಡಲಿನ ಬಿರುಗಾಳಿಯಲ್ಲಿ ಸೋರಿಕೆ ಹೆಚ್ಚಿತು. ಹಗಲಿರುಳು ಪಂಪು ಒತ್ತಿದರು, ಬಕೆಟಿನಲ್ಲೂ ನೀರೆತ್ತಿದರು. ದಣಿವಿಗೆ, ಚಳಿಗೆ ಕೆಲವು ಲಸ್ಕರರು ಪ್ರಾಣ ಬಿಟ್ಟರು. 1797ರ ಫೆಬ್ರವರಿಯಲ್ಲಿ ಟಾಸ್ಮೇನಿಯಾದ ಉತ್ತರಕ್ಕಿರುವ ಒಂದು ದ್ವೀಪದ ಬಳಿ ಹಡಗನ್ನು ನೆಲಕ್ಕೆ ಹತ್ತಿಸಬೇಕಾಯಿತು. ಉಳಿದವರು ಬದುಕಿ ದಡ ಸೇರಿದ್ದು ಆ ನೀರೆತ್ತಿದ ಕೈಗಳಿಂದ.

ಸಮುದ್ರದ ಚರಿತ್ರೆ ಓದುವಾಗ ನಾವು ಹಾಯಿ, ತೋಪು, ಕಪ್ತಾನರನ್ನೇ ನೋಡುತ್ತೇವೆ. ಅವೆಲ್ಲ ತೇಲುತ್ತಿದ್ದುದು ತಳದ ಆ ಬಾವಿಯ ಭರವಸೆಯ ಮೇಲೆ. ಕಲ್ಲು ತಾಗದಂತೆ, ಕಾಳು ಸಿಕ್ಕಿಕೊಳ್ಳದಂತೆ ಪಂಪಿಗೆ ಗೋಡೆ ಕಟ್ಟುವ ಜಾಣ್ಮೆ ಹಡಗಿನವರಿಗಿತ್ತು. ಆ ಪಂಪು ಒತ್ತುವವನಿಗೆ ಚಳಿ ತಡೆಯುವ ಒಂದು ಅಂಗಿ ಬೇಕೆಂಬುದು ಮಾತ್ರ ಅವರ ಲೆಕ್ಕಕ್ಕೆ ಬರಲಿಲ್ಲ.