ತಡವಾಗಿ ನೆಟ್ಟ ವೀರಗಲ್ಲು

ಕಾಳಗದಲ್ಲಿ ಮಡಿದವನ ಹೆಸರನ್ನೂ ಅವನು ಕಾದಿದ ಬಗೆಯನ್ನೂ ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸುವುದು ಕನ್ನಡನಾಡಿನ ಪುರಾತನ ಪದ್ಧತಿ. ಆದರೆ ಕಾದಿದುದನ್ನು ತನ್ನವರಾರೂ ಕಾಣದಿದ್ದರೆ ಕಲ್ಲಿನಲ್ಲಿ ಬರೆಯಿಸುವುದೇನನ್ನು? ಕೊಡಗಿನ ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರ ಚರಿತ್ರೆಯು ಈ ಪ್ರಶ್ನೆಯನ್ನೆತ್ತುತ್ತದೆ.

೧೯೩೨ರಲ್ಲಿ ಜನಿಸಿದ ದೇವಯ್ಯನವರು ೧೯೫೪ರಲ್ಲಿ ಭಾರತದ ವಾಯುಪಡೆಯನ್ನು ಸೇರಿದರು. ೧೯೬೫ನೆಯ ಸೆಪ್ಟೆಂಬರ್ ೭ರ ಮುಂಜಾನೆ ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ಮಿಸ್ಟೇರ್ ವಿಮಾನಗಳ ದಾಳಿಯು ನಡೆಯಿತು. ದೇವಯ್ಯನವರು ಆ ದಂಡಿಗೆ ಮೀಸಲಾಗಿದ್ದವರು. ಒಂದು ವಿಮಾನವು ಹಿಂದುಳಿಯಲು ಅದರ ಸ್ಥಾನದಲ್ಲಿ ಹೊರಟರು. ಹೋದವರು ಮರಳಲಿಲ್ಲ. ಆಗ ಅವರಿಗೆ ೩೨ ವರ್ಷ. ಮನೆಯವರಿಗೆ ದೊರೆತುದು ‘ಕಾಣೆಯಾದರು’ ಎಂಬ ಮಾತು ಮಾತ್ರ.

೧೯೭೯ರಲ್ಲಿ ಆಂಗ್ಲ ಲೇಖಕ ಜಾನ್ ಫ್ರಿಕರರು ಪಾಕಿಸ್ತಾನದವರ ವೃತ್ತಾಂತವನ್ನಾಧರಿಸಿ ಬರೆದ ಗ್ರಂಥದಿಂದ ನಡೆದ ಸಂಗತಿಯು ಬೆಳಕಿಗೆ ಬಂದಿತು. ಬೆನ್ನಟ್ಟಿದ ಸ್ಟಾರ್‌ಫೈಟರ್ ವಿಮಾನವು ಶಬ್ದದ ಇಮ್ಮಡಿ ವೇಗವುಳ್ಳದ್ದು. ಮಿಸ್ಟೇರ್ ಅದರೆದುರು ಮಂದಗಾಮಿ. ಆದರೂ ಪೆಟ್ಟುತಿಂದ ದೇವಯ್ಯನವರು ಹಿಂದಿರುಗಿ ಕಾದಿ ಅದನ್ನು ಕೆಡಹಿದರು. ಎದುರಾಳಿ ಅಮ್ಜದ್ ಹುಸೇನರು ವಿಮಾನದಿಂದ ಹೊರಹಾರಿ ಬದುಕಿಕೊಂಡರು, ದೇವಯ್ಯನವರು ಮಡಿದರು.

ಈ ವಿಷಯವು ಪರಿಶೀಲಿಸಲ್ಪಟ್ಟು, ೧೯೮೮ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಪ್ರದಾನವಾಯಿತು. ವೀರನ ಪತ್ನಿಯು ಅದನ್ನು ಸ್ವೀಕರಿಸುವಾಗ ೨೩ ವರ್ಷಗಳು ಕಳೆದಿದ್ದುವು. ಹಳೆಯ ವೀರಗಲ್ಲುಗಳಲ್ಲಿ ಸತ್ತವನ ಪರವಾಗಿ ನುಡಿಯುವವರು ಅವನ ಒಡೆಯರು, ಬಂಧುಗಳು. ಇಲ್ಲಿಯಾದರೋ ಮೊದಲು ಸಾಕ್ಷಿ ನುಡಿದವರು ಎದುರು ಪಕ್ಷದವರು. ಅಂಥ ಸಾಕ್ಷಿಯನ್ನು ಅಲ್ಲಗಳೆಯುವವರಾರು? ಮಡಿಕೇರಿಯ ಒಂದು ವೃತ್ತವು ಇಂದು ದೇವಯ್ಯನವರ ಹೆಸರನ್ನು ಧರಿಸಿದೆ. ಆ ದಾರಿಯಲ್ಲಿ ಹೋಗುವ ಮಕ್ಕಳು ‘ಇವರಾರು?’ ಎಂದು ಕೇಳಿದಾಗ, ಉತ್ತರ ಹೇಳಬಲ್ಲ ಹಿರಿಯರು ಜೊತೆಯಲ್ಲಿರಬೇಕು.