ಗಾಡಿಯ ಇಸವಿ ಕೇಳುವ ಬಿಡಾರಗಳು

ಅಮೆರಿಕದ ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ‘ಹತ್ತು ವರ್ಷದ ನಿಯಮ’ ಅಂತ ಒಂದಿದೆ. ನೀವು ಮನೆ ಮಾಡಿಕೊಂಡು ತಿರುಗುವ ಗಾಡಿಗೆ ಹತ್ತು ವರ್ಷ ದಾಟಿದ್ದರೆ ಅಲ್ಲಿ ಜಾಗವಿಲ್ಲ. ಎಲ್ಲ ಕಡೆಯೂ ಇಲ್ಲ, ಕೆಲವೆಡೆ ಮಿತಿ ಹದಿನೈದು ವರ್ಷ. ಆದರೂ ಫೋನ್ ಎತ್ತಿದವರು ಹೆಸರು ಕೇಳುವ ಮೊದಲೇ ಗಾಡಿ ಯಾವ ಇಸವಿಯದು ಅಂತ ಕೇಳುವುದು 2001ರ ಮೋಟರ್‌ಹೋಮ್ ಇಟ್ಟುಕೊಂಡಿರುವ ನನಗೆ ಚೆನ್ನಾಗಿ ಗೊತ್ತು. ಈ ಪ್ರಶ್ನೆಯ ಬೇರು ಕೆದಕಿದರೆ ಸಿಗುವುದು ಬಡವರನ್ನು ದೂರವಿಡುವ ನೂರು ವರ್ಷದ ಹಳೇ ಹಟ.

1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಬೀಡುಬಿಟ್ಟಿದ್ದ ಕಾರು ಪ್ರವಾಸಿಗಳು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿಕೊಂಡರು. ಫೋರ್ಡ್ ಮಾಡೆಲ್ ಟಿ ಕಾರಿಗೆ ಹಲಗೆ ಬಡಿದು, ಕ್ಯಾನ್ವಾಸ್ ಹೊದಿಸಿ ತಾವೇ ಮನೆ ಮಾಡಿಕೊಂಡವರು ಅವರಲ್ಲಿದ್ದರು. ರೇಡಿಯೇಟರಿನ ಮುಚ್ಚಳಕ್ಕೆ ಬೆಸುಗೆ ಹಾಕಿದ ಖಾಲಿ ತಗಡಿನ ಡಬ್ಬಿಯೇ ಸದಸ್ಯರ ಗುರುತು. ಆಗ ಊರೂರುಗಳೂ ಇಂಥವರನ್ನು ಕರೆದು ಕೂರಿಸುತ್ತಿದ್ದವು. ಬಂದವರು ಪೇಟೆಯಲ್ಲಿ ನಾಲ್ಕು ಕಾಸು ಖರ್ಚು ಮಾಡಲಿ ಎಂಬ ಆಸೆ. ಡೆನ್ವರ್ ನಗರವಂತೂ ಸೌತ್ ಪ್ಲಾಟ್ ನದಿಯ ದಡದ ಓವರ್‌ಲ್ಯಾಂಡ್ ಪಾರ್ಕನ್ನೇ ಇವರಿಗೆ ಬಿಟ್ಟುಕೊಟ್ಟಿತ್ತು.

1920ರ ದಶಕದ ನಡುವಿಗೆ ಆ ಆದರ ಮುಗಿಯಿತು. ಹಳೇ ಫೋರ್ಡಿನಲ್ಲಿ ಹೆಂಡತಿ ಮಕ್ಕಳನ್ನು ತುಂಬಿಕೊಂಡು ಕೂಲಿ ಹುಡುಕುತ್ತ ಬರುವವರು ಹೆಚ್ಚಾದರು. ಊರುಗಳು ರಾತ್ರಿಗೆ 25 ಸೆಂಟ್, 50 ಸೆಂಟ್ ಶುಲ್ಕ ಹಾಕಿದವು, ಇಷ್ಟು ದಿನ ಮಾತ್ರ ಅಂತ ಮಿತಿ ಇಟ್ಟವು. ಆ ಪುಡಿಗಾಸು ಊರಿನ ಬೊಕ್ಕಸಕ್ಕೆ ಬೇಕಾಗಿತ್ತು ಅಂತಲ್ಲ, ಕೊಡಲಾಗದವರು ಮುಂದಕ್ಕೆ ಹೋಗಲಿ ಅಂತ.

ಆರ್ಥಿಕ ಕುಸಿತದ ಕಾಲದಲ್ಲಿ ಇದು ಇನ್ನೂ ಕ್ರೂರವಾಯಿತು. 1936ರಲ್ಲಿ ಲಾಸ್ ಏಂಜಲಿಸ್ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು ಬರಿಗೈಯವರನ್ನು ವಾಪಸು ಅಟ್ಟಿದರು. ಫ್ರೆಡ್ ಎಡ್ವರ್ಡ್ಸ್ ಎಂಬಾತ ಟೆಕ್ಸಾಸ್‌ನಿಂದ ತನ್ನ ಹೆಂಡತಿಯ ಸೋದರನನ್ನು ಕಾರಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕರೆತಂದ. ಹೊರಡುವಾಗ ಭಾವಮೈದುನನ ಬಳಿ ಇದ್ದದ್ದು ಸುಮಾರು 20 ಡಾಲರ್, ತಲುಪುವಷ್ಟರಲ್ಲಿ ಅದೂ ಖಾಲಿ. ನಿರ್ಗತಿಕನನ್ನು ರಾಜ್ಯದೊಳಗೆ ತಂದ ಅಪರಾಧಕ್ಕೆ ಎಡ್ವರ್ಡ್ಸ್‌ಗೆ ಶಿಕ್ಷೆಯಾಯಿತು. 1941ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ಹೊಡೆದುಹಾಕಿತು. ಬಡತನದ ಕಾರಣಕ್ಕೆ ಗಡಿ ಮುಚ್ಚುವ ದಾರಿ ರಾಜ್ಯಗಳಿಗೆ ಇಲ್ಲವಾಯಿತು.

ಖಾಸಗಿ ಜಮೀನಿನ ಮಾತು ಬೇರೆ, ಅಲ್ಲಿ ಯಾರನ್ನು ಒಳಗೆ ಬಿಡಬೇಕು ಅನ್ನುವುದು ಮಾಲೀಕರ ಇಷ್ಟ. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಕೆಒಎ ಎಂಬ ಖಾಸಗಿ ಕ್ಯಾಂಪ್‌ಗ್ರೌಂಡುಗಳ ಸರಪಳಿ ಶುರುವಾಯಿತು. 1966ರಲ್ಲಿ ಅಯೋವಾದ ವಿನ್ನೆಬಾಗೊ ಕಾರ್ಖಾನೆಯಿಂದ ಮೋಟರ್‌ಹೋಮ್‌ಗಳು ಹೊರಬಂದವು. ಮುಂದೆ ಕಾಂಕ್ರೀಟ್ ಕಟ್ಟೆ, ಈಜುಕೊಳ ಇರುವ ರೆಸಾರ್ಟುಗಳೂ ಬಂದವು.

ಇಸವಿ ಕೇಳುವ ಪಾರ್ಕಿನವರ ಅಳಲು ಸುಳ್ಳಲ್ಲ. ಹಳೇ ಗಾಡಿಯನ್ನು ಬಿಟ್ಟು ಮಾಲೀಕ ಪರಾರಿಯಾದರೆ ಅದನ್ನು ಎಳೆಸಿ ಗುಜರಿಗೆ ಹಾಕಿಸುವ ಖರ್ಚು ಅವರ ತಲೆಗೇ. ಆದರೆ ಗಾಡಿಯ ಆರೋಗ್ಯ ಇಸವಿಯಲ್ಲಿ ಇರುವುದಿಲ್ಲ. ಚಾವಣಿಯ ಅಂಚಿನ ಸೀಲಂಟ್ ಬಿರಿದು ಒಳಗೆ ನೀರಿಳಿದರೆ ಎಂಟು ವರ್ಷದ ಗಾಡಿಯ ಗೋಡೆಯೂ ಉಬ್ಬುತ್ತದೆ. ಕಿಟಕಿಯ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ನೆನೆದ ಬ್ರೆಡ್ಡಿನಂತೆ ಒಳಗೆ ಹೋದರೆ ಮರದ ಚೌಕಟ್ಟು ಕೊಳೆತಿದೆ ಅಂತಲೇ ಅರ್ಥ. ವರ್ಷವರ್ಷವೂ ಸೀಲಂಟ್ ಹಚ್ಚಿಸಿಕೊಂಡ ನಮ್ಮ ಗಾಡಿಯ ಮೂಲೆಗಳು ಇವತ್ತಿಗೂ ಗಟ್ಟಿ. ಇನ್ನು ರಿವೆಟ್ ಹೊಡೆದ ಅಲ್ಯೂಮಿನಿಯಂ ಮೈಯ ಹಳೇ ಏರ್‌ಸ್ಟ್ರೀಮ್ ಟ್ರೇಲರ್ ಬಂದರೆ ಎಷ್ಟೋ ಪಾರ್ಕುಗಳು ನಿಯಮ ಸಡಿಲಿಸಿ, ಸಂತೋಷದಿಂದ ಒಳಗೆ ಬಿಟ್ಟುಕೊಳ್ಳುತ್ತವೆ. ಹಾಗಾದರೆ ಅಡ್ಡಿ ವಯಸ್ಸಲ್ಲ, ನೋಟ. ಮನೆ ಕಳೆದುಕೊಂಡು ಹಳೇ ಟ್ರೇಲರಿನಲ್ಲಿ ಬದುಕುತ್ತಿರುವ ಮುದುಕರಿಗೆ ಆ ರಿಯಾಯಿತಿ ಯಾರೂ ಕೊಡುವುದಿಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುವುದು.

ಇಲ್ಲಿ ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ವಿ ಕೊಳ್ಳುವ ಕನ್ನಡಿಗರೇ, ಇಸವಿಗೆ ಹೆದರಬೇಡಿ. ಬುಕ್ ಮಾಡುವ ಮೊದಲು ಫೋನ್ ಮಾಡಿ ನಿಜವಾದ ಇಸವಿ ಹೇಳಿ, ಗಾಡಿಯ ನಾಲ್ಕೂ ಬದಿಯ ಫೋಟೊ ಕಳಿಸಿ; ಎಷ್ಟೋ ಮ್ಯಾನೇಜರುಗಳು ನೋಡಿ ಒಪ್ಪುತ್ತಾರೆ. ಒಪ್ಪದಿದ್ದರೆ ನ್ಯಾಷನಲ್ ಪಾರ್ಕುಗಳ ಕ್ಯಾಂಪ್‌ಗ್ರೌಂಡುಗಳಿವೆ. ಅಲ್ಲಿ ಕೇಳುವುದು ಗಾಡಿಯ ಉದ್ದವನ್ನು, ವಯಸ್ಸನ್ನಲ್ಲ.